ಸೋಮವಾರದ ಐದು ಮನೆ

ರಾಜಾಜಿನಗರ, ಬೆಂಗಳೂರು
11-6-1974, ಮಂಗಳವಾರ

ಅಕ್ಕ ಶಾಂತವ್ವನಿಗೆ ತಮ್ಮ ಗಂಗಾಧರಯ್ಯನ ಶರಣು.

ಬಂದು ಹತ್ತು ದಿನವಾಯಿತು. ಕಾಗದ ತಡವಾಯಿತೆಂದು ಬೈಯಬೇಡ. ರಾಣೆಬೆನ್ನೂರಿನ ಹತ್ತಿ ಪ್ರೆಸ್ಸು ಮುಚ್ಚಿದಾಗ ಮಾಲೀಕರು ತಮ್ಮ ಅಳಿಯನಿಗೆ ಚೀಟಿ ಬರೆದುಕೊಟ್ಟಿದ್ದರಲ್ಲ, ಅದು ಕೆಲಸಕ್ಕೆ ಬಂತು. ಇಲ್ಲಿ ಅಳಿಯನದು ನಟ್ಟು ಬೋಲ್ಟು ಮಾಡುವ ಶೆಡ್ಡು. ನಾನು ಸ್ಟೋರ್ ಕೀಪರ್. ಐವತ್ತೆರಡನೇ ವಯಸ್ಸಿನಲ್ಲಿ ಬೋಲ್ಟುಗಳ ಹೆಸರು ಕಲಿಯುತ್ತಿದ್ದೇನೆ.

ಒಂದು ವಠಾರದಲ್ಲಿ ಕೋಣೆ ಸಿಕ್ಕಿದೆ. ಏಳು ಸಂಸಾರಕ್ಕೆ ಒಂದು ನಲ್ಲಿ. ಒಡತಿ ಕಮಲಾಕ್ಷಮ್ಮನವರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ, "ಒಬ್ರೇನಾ?" ಒಬ್ಬನೇ ಎಂದೆ. ಆಮೇಲೆ ಏನೂ ಕೇಳಲಿಲ್ಲ.

ಇಲ್ಲಿನ ರಸ್ತೆಗಳಿಗೆ ಹೆಸರಿಲ್ಲ, ನಂಬರು. ಉದ್ದಕ್ಕೆ ಹೋದರೆ ಮೈನು, ಅಡ್ಡ ಹೋದರೆ ಕ್ರಾಸು. ಬಸ್ಸಿನ ಗೊಡವೆಯೇ ಬೇಡ. ಹಾಲಿನ ಬೂತು, ತರಕಾರಿ, ಕ್ಷೌರದಂಗಡಿ, ವಾಚನಾಲಯ, ರಾಮಮಂದಿರ, ನನ್ನ ಶೆಡ್ಡು, ಎಲ್ಲವೂ ಕಾಲಳತೆಯಲ್ಲಿವೆ. ಸಂಜೆ ಪಶ್ಚಿಮಕ್ಕೆ ನಡೆದರೆ ಮನೆಗಳು ಮುಗಿದು ಬಸವೇಶ್ವರನಗರದ ಸೈಟುಗಳು ಸಿಗುತ್ತವೆ. ಕಲ್ಲು ನೆಟ್ಟಿದ್ದಾರೆ, ಕಲ್ಲುಗಳ ನಡುವೆ ಇನ್ನೂ ರಾಗಿ ಬೆಳೆಯುತ್ತಿದ್ದಾರೆ.

ಕರೆಂಟಿನ ಅಭಾವದಿಂದ ನಮ್ಮ ಶೆಡ್ಡಿಗೆ ಸೋಮವಾರ ರಜೆ. ಅವ್ವನೇ ಮೇಲಿನಿಂದ ಏರ್ಪಾಟು ಮಾಡಿದಂತಿದೆ. ಅವಳಿಗೆ ಕೊಟ್ಟ ಮಾತು ನೆನಪಿದೆ. ಸೋಮವಾರ ಒಲೆ ಹಚ್ಚುವುದಿಲ್ಲ, ಜೋಳಿಗೆ ಹಿಡಿದು ಐದು ಮನೆಯ ಮುಂದೆ ನಿಂತು ತಂದ ಕಂತಿಭಿಕ್ಷೆಯಲ್ಲೇ ಊಟ. ಇಷ್ಟು ಮನೆಗಳ ನಡುವೆ ಐದು ಸಿಗದಿರುತ್ತವೆಯೇ.

ನಿನ್ನ ತಮ್ಮ
ಗಂಗಾಧರ


ಬ್ಯಾಡಗಿ
19-6-1974

ಚಿರಂಜೀವಿ ಗಂಗಾಧರನಿಗೆ ಶಾಂತವ್ವನ ಆಶೀರ್ವಾದ.

ನಂಬರಿನ ಬೀದಿಗಳು ಎಂದು ಓದಿ ನಗು ಬಂತು. ದಾರಿ ತಪ್ಪಿದವನು ಏನೆಂದು ಕೇಳಬೇಕು? "ಹನ್ನೊಂದಕ್ಕ ಹೆಂಗ ಹೋಗಬೇಕ್ರೀ" ಎಂದೇ? ಗುಣಾಕಾರ ಬರದವರು ಆ ಊರಲ್ಲಿ ಬದುಕುವಂತಿಲ್ಲ.

ಇಲ್ಲಿ ನಿಮ್ಮ ಭಾವ ಹೋದ ಮೇಲೆ ಜೋಳಿಗೆಯನ್ನು ನನ್ನ ಮಗ ಪಂಚಾಕ್ಷರಿ ಹಿಡಿದಿದ್ದಾನೆ. ಮೊನ್ನೆ ಸೋಮವಾರ ಬದನೆಕಾಯಿ ಎಣ್ಣೆಗಾಯಿ ಬಂದಿತ್ತು, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ. ಊರು ದೊಡ್ಡದಾದರೂ ಜಂಗಮನಿಗೆ ಬಾಗಿಲು ತೆಗೆಯುವವರು ಇದ್ದೇ ಇರುತ್ತಾರೆ. ಗಂಟೆ ಅಲ್ಲಾಡಿಸಿ ನಿಲ್ಲು, ಬಾಯಿಬಿಟ್ಟು ಕೇಳಬೇಡ, ಅದು ನಮ್ಮ ಪದ್ಧತಿಯಲ್ಲ. ಐದು ಮನೆ ಯಾವುವು ಎಂದು ಬರಿ. ಅವ್ವನ ಪುಣ್ಯತಿಥಿಗೆ ಆ ಮನೆಗಳ ಹೆಸರು ಹೇಳಿ ದೀಪ ಹಚ್ಚಬೇಕು.

ಶಾಂತವ್ವ


(ಬರೆದು ಮಡಿಸಿಟ್ಟ, ಅಂಚೆಗೆ ಹಾಕದ ಕಾಗದ)
ರಾಜಾಜಿನಗರ
24-6-1974, ಸೋಮವಾರ ಮಧ್ಯಾಹ್ನ

ಅಕ್ಕಾ,

ಇವತ್ತು ಹೊರಟೆ. ಕೋಟು ಹಾಕಿ, ಹೆಗಲಿಗೆ ಜೋಳಿಗೆ ಇಳಿಬಿಟ್ಟು, ಅಪ್ಪನ ಹಿತ್ತಾಳೆ ಗಂಟೆ ಹಿಡಿದುಕೊಂಡು. ಮನೆಗಳನ್ನು ನಾಮಫಲಕ ನೋಡಿ ಆರಿಸಿದ್ದೆ. ಹೆಸರಲ್ಲಿ ಲಿಂಗವೋ ಬಸವನೋ ಮಲ್ಲನೋ ಇದ್ದರೆ ನಮ್ಮವರೇ ಎಂದುಕೊಂಡೆ. ಮೊದಲನೆಯದು ಸೋಮಲಿಂಗಪ್ಪನವರ ಮನೆ. ಗಂಟೆ ಅಲ್ಲಾಡಿಸಿದೆ. ಒಬ್ಬ ಹೆಂಗಸು ಕಿಟಕಿಯಿಂದ ನೋಡಿದರು. ಕೋಟು ನೋಡಿದರು, ಜೋಳಿಗೆ ನೋಡಿದರು. "ಚಿಲ್ರೆ ಇಲ್ಲ, ಮುಂದೆ ಹೋಗಪ್ಪ" ಎಂದರು.

ನಾನು ಚಿಲ್ಲರೆ ಕೇಳಿರಲಿಲ್ಲ. ನಮ್ಮೂರಲ್ಲಿ ಅಪ್ಪ ನಿಂತರೆ ಹೆಣ್ಣುಮಕ್ಕಳು ಸೆರಗು ಹೊದ್ದು, ಕಾಲಿಗೆ ನೀರು ಹಾಕಿ, ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ಬರುತ್ತಿದ್ದರು. ಎದುರು ಮನೆಯ ಮುದುಕರೊಬ್ಬರು ಪೇಪರು ಓದುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವಾಗ ನೋಡುವವರೇ. ಅಕ್ಕಾ, ನನಗೆ ಬಹಳ ನಾಚಿಕೆಯಾಯಿತು. ಗಂಟೆಯ ನಾಲಿಗೆಗೆ ಕರವಸ್ತ್ರ ಸುತ್ತಿ ಜೇಬಿಗೆ ಹಾಕಿಕೊಂಡೆ. ಜೋಳಿಗೆ ಮಡಿಸಿ ಇನ್ನೊಂದು ಜೇಬಿಗೆ.

ಆದರೂ ಉಳಿದ ನಾಲ್ಕು ಮನೆಯ ಮುಂದೆ ನಡೆದೆ. ಪ್ರತಿ ಗೇಟಿನ ಮುಂದೆ ಒಂದು ಉಸಿರು ನಿಂತೆ. ಯಾರೂ ಕಾಣಲಿಲ್ಲ, ನಾನೂ ಕರೆಯಲಿಲ್ಲ. ಕೋಣೆಗೆ ಬಂದು ನೀರು ಕುಡಿದೆ. ಒಲೆ ಹಚ್ಚಿಲ್ಲ, ಹೋಟೆಲಿಗೆ ಹೋಗಿಲ್ಲ. ಮಾತಿನ ಅರ್ಧ ಉಳಿಸಿದ್ದೇನೆ. ಇನ್ನರ್ಧ ನನ್ನ ಕೈಲಾಗದು.


ರಾಜಾಜಿನಗರ
25-6-1974, ಮಂಗಳವಾರ

ಅಕ್ಕ ಶಾಂತವ್ವನಿಗೆ ಶರಣು.

ಐದೂ ಮನೆ ಸಿಕ್ಕವು. ಸೋಮಲಿಂಗಪ್ಪನವರದು ಒಂದು. ಆರನೇ ಮೈನಿನಲ್ಲಿ ನೀಲಿ ಗೇಟು, ಪಾರಿಜಾತದ ಗಿಡ, ಅದು ಚನ್ನಮಲ್ಲಪ್ಪನವರ ಮನೆ. ಪಾರ್ಕಿನ ಮೂಲೆಯಲ್ಲಿ ಒಂದು, ಹಿಟ್ಟಿನ ಗಿರಣಿ ದಾಟಿ ಎರಡು. ಚನ್ನಮಲ್ಲಪ್ಪನವರ ಮನೆಯಾಕೆ ಕಲ್ಯಾಣಮ್ಮ ಬಿಸಿ ರೊಟ್ಟಿ ಹಾಕಿದರು, ಜೊತೆಗೆ ಹೆಸರುಕಾಳು ಪಲ್ಯ. ನಿನ್ನ ತಮ್ಮನ ಬಗ್ಗೆ ಚಿಂತೆ ಬೇಡ.

ಗಂಗಾಧರ


ಬ್ಯಾಡಗಿ
14-8-1974

ಚಿರಂಜೀವಿ ಗಂಗಾಧರನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಪಂಚಾಕ್ಷರಿಯ ಹೆಂಡತಿಗೂ ಓದಿ ಹೇಳಿದೆ, "ನೋಡವಾ, ಬೆಂಗಳೂರಾಗೂ ನಡದೈತಿ" ಎಂದು. ಆದರೆ ನೀನು ಬಹಳ ಜುಗ್ಗ. ಹೆಸರುಕಾಳು ಪಲ್ಯ ಎಂದು ಬರೆದರೆ ಮುಗಿಯಿತೇ? ಒಣ ಪಲ್ಯವೋ ರಸವಿತ್ತೋ, ಕಾಯಿ ಹಾಕಿದ್ದರೋ, ರೊಟ್ಟಿಗೆ ಬೆಣ್ಣೆ ಇತ್ತೋ, ಎಲ್ಲ ಬರೆಯಬೇಕು. ನಿನ್ನ ಕಾಗದ ಗುರುವಾರವೋ ಶುಕ್ರವಾರವೋ ಬರುತ್ತದೆ. ನಾನು ಒಡೆಯದೆ ಇಟ್ಟುಕೊಂಡು ಸೋಮವಾರ ಓದುತ್ತೇನೆ.

ಇಲ್ಲಿ ಮೊನ್ನೆಯೂ ಎಣ್ಣೆಗಾಯಿ. ಮನೆಗಳ ನಂಬರನ್ನೂ ಬರಿ. ನಂಬರಿನ ಊರಲ್ಲಿ ಹೆಸರೊಂದೇ ಹೇಳಿದರೆ ದೇವರಿಗೆ ಗುರುತು ಸಿಗಲಿಕ್ಕಿಲ್ಲ.

ಶಾಂತವ್ವ


ರಾಜಾಜಿನಗರ
3-12-1974, ಮಂಗಳವಾರ

ಅಕ್ಕನಿಗೆ ಶರಣು.

ಐದು ಮನೆಯ ಹೆಸರು, ನಂಬರು ಈ ಹಾಳೆಯ ಹಿಂಬದಿಯಲ್ಲಿವೆ. ನಿನ್ನೆ ಕಲ್ಯಾಣಮ್ಮನವರ ಮನೆಯಲ್ಲಿ ಮೆಂತ್ಯದ ಪಲ್ಯ. ಒಣ ಪಲ್ಯವೇ, ಕಾಯಿ ಕಡಿಮೆ, ಒಗ್ಗರಣೆಯಲ್ಲಿ ಬೆಳ್ಳುಳ್ಳಿ. ರೊಟ್ಟಿಯ ಮೇಲೆ ಬೆಣ್ಣೆ ಇತ್ತು, ನಾನು ಬರುವಷ್ಟರಲ್ಲಿ ಕರಗಿತ್ತು. ಪಾರ್ಕಿನ ಮೂಲೆ ಮನೆಯವರು ಚಿತ್ರಾನ್ನ ಹಾಕಿದರು, ನಿಂಬೆ ಸ್ವಲ್ಪ ಮುಂದಾಗಿತ್ತು. ಸಾಕೇ?

ನಡೆದು ನಡೆದು ಚಪ್ಪಲಿಯ ಅಟ್ಟೆ ಎರಡು ಸಲ ಹಾಕಿಸಿದೆ. ಕ್ಷೌರದವನು, ಹೂವಿನ ನರಸಮ್ಮ, ಗಿರಣಿಯ ಅಂಜಿನಯ್ಯ, ಎಲ್ಲರೂ ನನ್ನ ಮುಖ ಬಲ್ಲರು, ನಗುತ್ತಾರೆ. ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ನೀನು ಗಂಗಾಧರ ಎಂದು ಬರೆದಾಗಲೇ ಆ ಹೆಸರು ನನ್ನದೆಂದು ನೆನಪಾಗುವುದು.

ಗಂಗಾಧರ


ಬ್ಯಾಡಗಿ
12-2-1975

ಚಿರಂಜೀವಿ ಗಂಗಾಧರನಿಗೆ ಆಶೀರ್ವಾದ.

ಅವ್ವನ ಪುಣ್ಯತಿಥಿ ಆಯಿತು. ಐದು ಮನೆಯ ಹೆಸರು, ನಂಬರು ಸಹಿತ ಹೇಳಿ ಐದು ದೀಪ ಹಚ್ಚಿದೆ. ಬೆಂಗಳೂರಿಗೆ ಹೋಗಿಬರುವ ಮೆಣಸಿನಕಾಯಿ ಲಾರಿಯವರ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿ ರವಿಕೆಗೆ ಗುಳೇದಗುಡ್ಡದ ಖಣ ಐದು, ಒಂದೊಂದು ಮನೆಯಾಕೆಗೆ ಒಂದೊಂದು. ಹಸಿರಂಚಿನದು ಕಲ್ಯಾಣಮ್ಮನವರಿಗೆ. ಉಂಡ ಮನೆಯ ಋಣ ಇಷ್ಟರಿಂದ ತೀರುವುದಿಲ್ಲ. ಕೊಟ್ಟಾಗ ಅವರು ಏನೆಂದರು ಎಂದು ತಪ್ಪದೆ ಬರಿ.

ಶಾಂತವ್ವ


ರಾಜಾಜಿನಗರ
22-7-1975, ಮಂಗಳವಾರ

ಅಕ್ಕನಿಗೆ ಶರಣು.

ಐದು ತಿಂಗಳು ಕಾಗದ ಬರೆಯಲಿಲ್ಲ, ತಪ್ಪಾಯಿತು. ಶೆಡ್ಡಿನಲ್ಲಿ ಕೆಲಸ ಹೆಚ್ಚು. ಖಣ ತಲುಪಿವೆ, ಚೆನ್ನಾಗಿವೆ. ನಿನ್ನೆ ಸೋಮವಾರ ಪಾರ್ಕಿನ ಹತ್ತಿರ ಸ್ವಲ್ಪ ತಲೆ ಸುತ್ತಿ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಬಿಸಿಲಿನ ಝಳ ಅಷ್ಟೆ. ಊಟವೂ ಹೆಚ್ಚಾಗಿತ್ತೋ ಏನೋ.

ಗಂಗಾಧರ


ಬ್ಯಾಡಗಿ
20-8-1975

ಚಿರಂಜೀವಿ ಗಂಗಾಧರನಿಗೆ ಆಶೀರ್ವಾದ.

ಆಷಾಢದಲ್ಲಿ ಎಂಥ ಬಿಸಿಲಪ್ಪ ನಿಮ್ಮೂರಲ್ಲಿ? ಇಲ್ಲಿ ಹದಿನೈದು ದಿನ ಸೂರ್ಯನ ಮುಖ ನೋಡಿರಲಿಲ್ಲ. ಖಣ ಚೆನ್ನಾಗಿವೆ ಎಂದು ಬರೆದೆ, ಯಾರು ಏನೆಂದರು ಎಂದು ಬರೆಯಲಿಲ್ಲ. ಪಲ್ಯದ ಸುದ್ದಿಯೂ ಇಲ್ಲ. ನಿನ್ನನ್ನು ನಂಬಿಕೊಂಡರೆ ಆಗುವುದಿಲ್ಲವೆಂದು ನಾನೇ ಚನ್ನಮಲ್ಲಪ್ಪನವರ ಮನೆಯಾಕೆಗೆ ಕಾಗದ ಹಾಕಿದ್ದೇನೆ. ನಂಬರು ನನ್ನ ಹತ್ತಿರ ಇತ್ತಲ್ಲ. ತಲೆ ಸುತ್ತಿದರೆ ಇನ್ನೊಂದು ರೊಟ್ಟಿ ಹೆಚ್ಚು ಹಾಕಿರಿ ಎಂದು ಹೇಳಿದ್ದೇನೆ.

ಶಾಂತವ್ವ


ರಾಜಾಜಿನಗರ
16-9-1975, ಮಂಗಳವಾರ

ಅಕ್ಕಾ,

ಈ ಕಾಗದವನ್ನು ಸೋಮವಾರದ ತನಕ ಇಟ್ಟುಕೊಳ್ಳಬೇಡ. ಬಂದ ಕೂಡಲೇ ಓದು.

ಕಲ್ಯಾಣಮ್ಮ ಎಂಬುವರು ಇಲ್ಲ. ರೊಟ್ಟಿ, ಬೆಣ್ಣೆ, ಬೆಳ್ಳುಳ್ಳಿ ಒಗ್ಗರಣೆ, ಒಂದೂ ಇಲ್ಲ. ಮೊದಲ ದಿನ ಮೊದಲ ಮನೆಯಲ್ಲೇ ಮುಂದೆ ಹೋಗು ಎಂದರು. ಆಮೇಲೆ ಒಂದೇ ಒಂದು ದಿನವೂ ನಾನು ಗಂಟೆ ಅಲ್ಲಾಡಿಸಲಿಲ್ಲ. ಸೋಮವಾರ ಐದು ಗೇಟಿನ ಮುಂದೆ ಒಂದೊಂದು ಉಸಿರು ನಿಂತು, ಕೋಣೆಗೆ ಬಂದು, ನೀರು ಕುಡಿದು ಮಲಗುತ್ತಿದ್ದೆ. ಪಾರ್ಕಿನಲ್ಲಿ ತಲೆ ಸುತ್ತಿದ್ದು ಹಸಿವಿಗೆ. ಖಣ ಐದೂ ಟ್ರಂಕಿನಲ್ಲಿವೆ. ಸುಳ್ಳು ಬರೆದೆ ಅಕ್ಕಾ. ನೀನು ದೀಪ ಹಚ್ಚಿದೆ ಎಂದು ಓದಿದ ಮೇಲೆ ನಿಜ ಬರೆಯಲು ಕೈ ಏಳಲಿಲ್ಲ.

ನೀನು ಕಾಗದ ಹಾಕಿದ್ದೇನೆ ಎಂದು ಓದಿ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಮೂರು ಸೋಮವಾರ ಆರನೇ ಮೈನಿಗೆ ಕಾಲಿಡಲಿಲ್ಲ, ಏಳರಲ್ಲಿ ನಡೆದೆ. ನಿನ್ನೆ ಏಳನೇ ಮೈನಿನ ತಿರುವಿನಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ್ ಐನೋರೇ, ದಾರಿ ಬದ್ಲಾಯಿಸ್ಬಿಟ್ರಾ? ಮೂರ್ ಸೋಮವಾರ ಆಯ್ತು, ಮುದ್ದೆ ಮಾಡ್ಕೊಂಡು ಕಾಯ್ತಾ ಇದೀನಿ."

ನಾನು ಯಾರೆಂದು ಹೇಗೆ ಗೊತ್ತು ಎಂದು ಕೇಳಿದೆ.

"ವರ್ಸದಿಂದ ನಮ್ ಗೇಟ್ ಮುಂದೆ ನಿಂತು ನಿಂತು ಹೋಗ್ತೀರಲ್ಲ. ನಮ್ ಯಜಮಾನ್ರು, ಯಾರೋ ಮನೆ ಕೊಳ್ಳೋಕೆ ನೋಡ್ತಾವ್ರೆ ಅಂದ್ರು. ನಾನು ಸಿ.ಐ.ಡಿ. ಇರ್ಬೇಕು ಅಂದ್ಕೊಂಡಿದ್ದೆ."

ಅವರ ಹೆಸರು ಅಕ್ಕಯ್ಯಮ್ಮ. ಹೇರೋಹಳ್ಳಿ ಕಡೆಯ ಒಕ್ಕಲಿಗರು. ಚನ್ನಮಲ್ಲಪ್ಪನವರು ಮನೆಯ ಮಾಲೀಕರು, ದಾವಣಗೆರೆಗೆ ಹೋಗಿ ನಾಲ್ಕು ವರ್ಷವಾಯಿತಂತೆ. ಹೆಸರಿನ ಹಲಗೆಯನ್ನು ಯಾರೂ ಕಿತ್ತಿಲ್ಲ, ನಾನು ಹಲಗೆಯನ್ನು ನಂಬಿದೆ. ಅಕ್ಕಯ್ಯಮ್ಮನಿಗೆ ಓದು ಬರುವುದಿಲ್ಲ. ನಿನ್ನ ಕಾಗದವನ್ನು ಪಕ್ಕದ ಮನೆಯ ಟೀಚರು ಜಗದಾಂಬಾ ಓದಿ ಹೇಳಿದರಂತೆ.

"ನಾನು ನಿಮಗೆ ರೊಟ್ಟಿ ಹಾಕ್ತಾ ಇದೀನಂತೆ, ನನ್ ಹೆಸ್ರು ಕಲ್ಯಾಣಮ್ಮ ಅಂತೆ. ಟೀಚರ್ ನಕ್ಕಿದ್ದೇ ನಕ್ಕಿದ್ದು. ನನಗೆ ನಗು ಬರ್ಲಿಲ್ಲ. ನನ್ನ ತಮ್ಮನಿಗೆ ಆ ಊರಲ್ಲಿ ಯಾರೂ ಇಲ್ಲ, ನೀವು ಇದೀರಲ್ಲ ತಾಯಿ, ಅಂತ ನಿಮ್ಮಕ್ಕ ಬರ್ದವ್ರೆ. ಅದ್ ಕೇಳಿದ್ಮೇಲೆ ಸೋಮವಾರ ಹೆಂಗೆ ಸುಮ್ನೆ ಕೂತ್ಕೊಳ್ಳದು?"

ಅವರ ಹಿಂದೆ ನಡೆದೆ. ಗೇಟಿನ ಹತ್ತಿರ ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು. "ನಾವು ನಿಮ್ಮೋರಲ್ಲ. ನಿಮಗೆ ಆಗುತ್ತೋ ಇಲ್ವೋ ಗೊತ್ತಿಲ್ಲ. ಸೋಮವಾರ ನಮ್ಮನೇಲಿ ಬಾಡು ಮಾಡಲ್ಲ, ಪಾತ್ರೆನೂ ಬೇರೆ ಇಟ್ಟಿದೀನಿ. ಬೇಡ ಅಂದ್ರೂ ನಂಗೇನ್ ಬೇಜಾರಿಲ್ಲ."

ಲಿಂಗ ಕಟ್ಟಿದವರ ಮನೆಯಲ್ಲೇ ಎಂದು ಅವ್ವ ಹೇಳಿದ್ದಳು. ಅದು ನನಗೆ ನೆನಪಿತ್ತು. ಆದರೆ ಈಕೆ ಮೂರು ವಾರ ಕಾದಿದ್ದರು. ಜೇಬಿನಿಂದ ಗಂಟೆ ತೆಗೆದು ಕರವಸ್ತ್ರ ಬಿಚ್ಚಿದೆ. ಒಂದು ಸಲ ಅಲ್ಲಾಡಿಸಿದೆ. ಹದಿನೈದು ತಿಂಗಳು ಮಡಚಿಟ್ಟ ಜೋಳಿಗೆ ಮಡಿಕೆಗಳಲ್ಲಿ ಹಳದಿಯಾಗಿತ್ತು. ಅದರಲ್ಲಿ ಬಿಸಿ ಮುದ್ದೆ ಬಿತ್ತು, ಸೊಪ್ಪಿನ ಸಾರನ್ನು ಒಂದು ಚೊಂಬಿನಲ್ಲಿ ಕೊಟ್ಟರು. ಜಗುಲಿಯ ಮೇಲೆ ಕೂತು ಅಲ್ಲೇ ಉಂಡೆ. ಅಗಿದು ತಿನ್ನುತ್ತಿದ್ದೆ. "ಅಗೀಬೇಡಿ ಐನೋರೇ, ಸಾರಲ್ಲಿ ಹೊರಳಿಸಿ ನುಂಗಿ" ಎಂದು ನಕ್ಕರು. ನನಗೆ ಅಳು ಬಂತು, ಮುದ್ದೆ ಬಿಸಿಯಿತ್ತು ಎಂದೆ.

ಹಸಿರಂಚಿನ ಖಣ ಅವರಿಗೇ ಕೊಟ್ಟು ಬಂದೆ. ಇನ್ನು ನಾಲ್ಕು ಟ್ರಂಕಿನಲ್ಲಿವೆ. ಬೈಯುವುದಿದ್ದರೆ ಬೈ, ಕಾಗದ ಮಾತ್ರ ನಿಲ್ಲಿಸಬೇಡ.

ಗಂಗಾಧರ


ಬ್ಯಾಡಗಿ
25-9-1975

ಗಂಗಾಧರಾ,

ನಿನ್ನ ಕಾಗದವನ್ನು ಬಂದ ಕೂಡಲೇ ಓದಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಈಗ ನನ್ನದನ್ನು ಕೇಳು.

ಪಂಚಾಕ್ಷರಿ ಜೋಳಿಗೆ ಹಿಡಿಯಲೇ ಇಲ್ಲ. ನಿಮ್ಮ ಭಾವ ತೀರಿದ ಹನ್ನೊಂದನೇ ದಿನ ಗೂಟಕ್ಕೆ ತೂಗುಹಾಕಿದವನು, "ಬೀಜದಂಗಡಿ ಇಟ್ಟಾಂವ ನಾನು, ಮಂದಿ ಬಾಗಿಲಕ್ಕ ನಿಂತರ ಗಿರಾಕಿ ನಗತಾರ ಅವ್ವಾ" ಎಂದ. ಅವನು ಹೇಳಿದ್ದರಲ್ಲಿ ತಪ್ಪೂ ಕಾಣಲಿಲ್ಲ. ಮೊದಮೊದಲು ಐದು ಮನೆಯ ಹೆಣ್ಣುಮಕ್ಕಳು ಬಂದು, "ಯಾಕ್ರೀ ಅಮ್ಮಾರ, ಅಯ್ಯಾರು ಬರಲಿಲ್ಲ" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಸೊಸೆ ಸೋಮವಾರ ಸೀಮೆಎಣ್ಣೆ ಸ್ಟೋವಿನಲ್ಲಿ ಅಡಿಗೆ ಮಾಡುತ್ತಾಳೆ, ಕರೆಯುತ್ತಾಳೆ. ಜೋಳಿಗೆ ಬರದೆ ನಾನು ಉಣ್ಣುವುದಿಲ್ಲವೆಂದು ಹಠ ಹಿಡಿದೆ. ಅವಳು ಕರೆಯುವುದನ್ನೂ ಬಿಟ್ಟಳು.

ಎಣ್ಣೆಗಾಯಿ ಎಂದು ನಾನು ಬರೆದದ್ದೆಲ್ಲ ಹಳೆಯ ಎಣ್ಣೆಗಾಯಿ. ಸೋಮವಾರ ಹಸಿವು ಜೋರಾದಾಗ ನಿನ್ನ ಕಾಗದ ಒಡೆದು ಓದುತ್ತಿದ್ದೆ. ಒಣ ಪಲ್ಯವೋ ರಸವಿತ್ತೋ ಎಂದು ಕೇಳುತ್ತಿದ್ದುದು ಅದಕ್ಕೇ. ನೀನು ಬೆಣ್ಣೆ ಎಂದು ಬರೆದರೆ ನನ್ನ ಬಾಯಲ್ಲಿ ಬೆಣ್ಣೆ ಬರುತ್ತಿತ್ತು.

ನೋಡು ನಮ್ಮ ಹಣೆಬರಹ. ಇಬ್ಬರೂ ಒಂದೇ ದಿನ ಹಸಿದುಕೊಂಡು ಕೂತು, ಒಬ್ಬರಿಗೊಬ್ಬರು ಊಟದ ಸುದ್ದಿ ಬರೆದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಅವ್ವ ಬೈಯುತ್ತಿದ್ದಳಲ್ಲ, ನಮ್ಮಿಬ್ಬರನ್ನೇ ನೋಡಿ ಬೈದದ್ದಿರಬೇಕು. ಅಕ್ಕಯ್ಯಮ್ಮನ ಮುದ್ದೆಗೆ ಅವ್ವ ಮೊದಲು ಮುಖ ಸಿಂಡರಿಸುತ್ತಿದ್ದಳು. ಆಮೇಲೆ, ಮಗ ಉಂಡನಲ್ಲ ಎನ್ನುತ್ತಿದ್ದಳು. ಪದ್ಧತಿಯ ಮಾತು ನನಗೆ ಬಿಡು.

ಇನ್ನು ಮೇಲೆ ಬದನೆಕಾಯಿ ಇದ್ದರೆ ಮಾತ್ರ ಬದನೆಕಾಯಿ ಎಂದು ಬರೆಯೋಣ. ಒಂದು ಮನೆಯಾದರೆ ಒಂದು ಎಂದು ಬರಿ. ಏನೂ ಇಲ್ಲದಿದ್ದರೆ ಇಲ್ಲ ಎಂದು ಬರಿ. ನಾನೂ ಹಾಗೇ ಬರೆಯುತ್ತೇನೆ.

ಶಾಂತವ್ವ


ರಾಜಾಜಿನಗರ
30-9-1975, ಮಂಗಳವಾರ

ಅಕ್ಕಾ,

ನಿನ್ನೆ ಅಕ್ಕಯ್ಯಮ್ಮನ ಮನೆಯಲ್ಲಿ ಮುದ್ದೆ, ಹುರುಳಿಕಾಳು ಸಾರು. ಜಗದಾಂಬಾ ಟೀಚರು ಎರಡು ಚಪಾತಿ ಹಾಕಿದರು, ತಣ್ಣಗಿದ್ದವು. ಪಾರ್ಕಿನ ಮೂಲೆ ಮನೆಯಲ್ಲಿ ಗಂಟೆ ಅಲ್ಲಾಡಿಸಿದೆ, ಬೇಡ ಎಂದು ಕೈಯಾಡಿಸಿದರು. ಸೋಮಲಿಂಗಪ್ಪನವರ ಮನೆಯ ಮುಂದೆ ನಿಲ್ಲುವ ಧೈರ್ಯ ಬರಲಿಲ್ಲ. ಎರಡು ಮನೆ ಆಯಿತು.

ನೀನು ಸೊಸೆಯ ಕೈಯಲ್ಲಿ ಉಣ್ಣು. ನಿನಗೆ ಅರವತ್ತಾಯಿತು. ಮುದ್ದೆಯನ್ನು ಜಂಗಮ ನುಂಗಬಹುದಾದರೆ ಸ್ಟೋವಿನ ಅನ್ನ ಅವನ ಅಕ್ಕ ಉಣ್ಣಬಹುದು.

ಗಂಗಾಧರ


ಬ್ಯಾಡಗಿ
6-10-1975, ಸೋಮವಾರ

ಗಂಗಾಧರಾ,

ಇವತ್ತೂ ಜೋಳಿಗೆ ಗೂಟದಲ್ಲೇ ಇದೆ. ಸೊಸೆಯನ್ನು ನಾನೇ ಕರೆದು ಬಡಿಸು ಎನ್ನೋಣವೆಂದು ಅಡಿಗೆಮನೆಯ ಹೊಸ್ತಿಲ ತನಕ ಹೋದೆ. ಅವಳು ತಿರುಗಿ ನೋಡಲಿಲ್ಲ, ನನಗೆ ಬಾಯಿ ಬರಲಿಲ್ಲ, ಹಿಂದಕ್ಕೆ ಬಂದು ಕೂತಿದ್ದೇನೆ. ಬಾಗಿಲ ಮುಂದೆ ನಿಲ್ಲುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಯಿತು, ನನ್ನದೇ ಮನೆಯ ಬಾಗಿಲು.

ಹಸಿವಾಗಿದೆ. ಮುದ್ದೆ ಹೇಗೆ ನುಂಗಬೇಕು ಎಂದು ಇನ್ನೊಂದು ಸಲ ಸರಿಯಾಗಿ ಬರಿ.

ಶಾಂತವ್ವ